ಕದಿರಮ್ಮ ಹೇಳಿದ ದಿನ

ಕದಿರಮ್ಮನಿಗೆ ಓದು ಬಾರದು. ಆದರೂ ತಿಥಿ, ವಾರ, ರಾಹುಕಾಲ ಎಲ್ಲವೂ ಬಾಯಲ್ಲೇ. ಅಂಬಾಜಿದುರ್ಗದ ಕೆಳಗಿನ ನಮ್ಮೂರಿನಲ್ಲಿ ಹೊಸ ಪೊರಕೆ ತರುವುದಕ್ಕೂ ಹೆಂಗಸರು ಅವಳನ್ನೇ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ತಲೆಗೆ ನೀರು ಹಾಕಿಕೊಳ್ಳಲೂ ಇವಳ ಅಪ್ಪಣೆಯೇ ಎಂದು ಬೈದುಕೊಳ್ಳುತ್ತಿದ್ದೆ.

ಐವತ್ತೆಂಟನೇ ಇಸವಿಯಲ್ಲಿ ಅವಳ ಮಗಳು ವೆಂಕಟರತ್ನ ಚಿಂತಾಮಣಿಯ ಗಂಡನ ಮನೆಯಿಂದ ಒಬ್ಬಳೇ ನಡೆದುಕೊಂಡು ಬಂದಳು. ಬೆನ್ನ ತುಂಬ ಬಾಸುಂಡೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ಅವಳ ಅಪ್ಪ ಲಕ್ಷ್ಮಯ್ಯ ಮುಖ ತಿರುಗಿಸಿದ. ವಾರ ಕಳೆದು ಅವಳ ಗಂಡನ ಅಪ್ಪ ವೆಂಕಟರಾಯಪ್ಪ ಕರೆದೊಯ್ಯಲು ಬಂದ.

"ಇವತ್ತು ಶುಕ್ರವಾರ, ಮನೆಮಗಳು ಹೊಸ್ತಿಲು ದಾಟಬಾರದು" ಎಂದಳು ಕದಿರಮ್ಮ. ಶನಿವಾರ, ಮಗಳು ಬಂದು ಒಂಬತ್ತನೇ ದಿನ, ಒಂಬತ್ತರಂದು ಹೊರಡಬಾರದು. ಭಾನುವಾರ ಅಮಾವಾಸ್ಯೆ. ಸೋಮವಾರ ಪಾಡ್ಯ. ಮಂಗಳವಾರವಂತೂ ಕೇಳುವುದೇ ಬೇಡ. ವೆಂಕಟರಾಯಪ್ಪನೂ ದಿನಕ್ಕೆ ಹೆದರುವವನೇ. ಎಲೆಅಡಿಕೆ ಹಾಕಿಕೊಳ್ಳುತ್ತ ಜಗಲಿಯ ಮೇಲೆ ಕಾದ.

ಆ ಮಂಗಳವಾರ ಸಂಜೆ ನಾನು ಹೂ ಕೊಡಲು ಹೋದಾಗ ತಾಯಿಮಗಳು ಅವರೆಕಾಯಿ ಸುಲಿಯುತ್ತಿದ್ದರು.

"ನಾಳೆಗೂ ಏನಾದ್ರೂ ಹೇಳಮ್ಮ" ಎಂದಳು ವೆಂಕಟರತ್ನ.

"ನಾಳೆ ಬುಧವಾರ, ತದಿಗೆ. ಯಾವ ದೋಷಾನೂ ಇಲ್ಲ ಕಣಮ್ಮ."

"ಸುಳ್ಳೇ ಹೇಳು."

"ದಿನದ ಮೇಲೆ ಸುಳ್ಳು ಹೇಳಿದ್ರೆ ನಿನಗೇ ತಟ್ಟುತ್ತೆ. ಬೇಡ."

ಕದಿರಮ್ಮ ಅದನ್ನು ನಿಜವಾಗಿಯೂ ನಂಬಿದ್ದಳು. ಮರುದಿನ ಒಳ್ಳೆಯ ಗಳಿಗೆ ನೋಡಿ, ಮಗಳಿಗೆ ಮಡಿಲು ತುಂಬಿ ಕಳಿಸಿದಳು. ಮೂರು ವಾರಕ್ಕೆ ಚಿಂತಾಮಣಿಯಿಂದ ಆಳು ಬಂದ. ವೆಂಕಟರತ್ನ ಗಂಡನ ಮನೆಯ ಬಾವಿಗೆ ಬಿದ್ದಿದ್ದಳು.

ಕದಿರಮ್ಮ ಅತ್ತದ್ದನ್ನು ನಾನು ನೋಡಲಿಲ್ಲ. "ಬುಧವಾರ, ತದಿಗೆ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವುದನ್ನು ಮಾತ್ರ ಎಷ್ಟೋ ಸಲ ಕೇಳಿದೆ. ಕೇಳಿದಾಗಲೆಲ್ಲ ನನಗೇ ಅಳು ಬರುತ್ತಿತ್ತು.

ಅರವತ್ತೆರಡರಲ್ಲಿ ನಾನೂ ಗಂಡನ ಮನೆಯಿಂದ ಹಾಗೇ ಓಡಿ ಬಂದೆ. ವಾಪಸು ಕಳಿಸಲು ದಿನ ಕೇಳೋಣವೆಂದು ನಮ್ಮಪ್ಪ ನನ್ನನ್ನು ಕದಿರಮ್ಮನ ಮನೆಗೆ ಕರೆದುಕೊಂಡು ಹೋದರು. ಅವಳು ಬೆರಳು ಮಡಿಸಿ ಎಣಿಸಲಿಲ್ಲ. ನನ್ನ ಮುಖ ನೋಡಿದಳು.

"ನಾಳೆ ದಿನ ಚೆನ್ನಾಗಿಲ್ಲಪ್ಪ. ನಾಡಿದ್ದೂ ಇಲ್ಲ."

ನಾಳೆ ಬುಧವಾರವೆಂದು ನನಗೂ ಗೊತ್ತಿತ್ತು. ಹೀಗೆ ಹನ್ನೊಂದು ದಿನ ಅವಳು ಒಂದಲ್ಲ ಒಂದು ದೋಷ ಕಟ್ಟಿ ಹೇಳಿದಳು. ಹನ್ನೊಂದನೆಯ ದಿನ ಅಪ್ಪ ನನ್ನ ಪಕ್ಕ ಕೂತು, "ಅಲ್ಲಿ ಏನಾಯ್ತಮ್ಮ?" ಎಂದು ಕೇಳಿದರು.

ವೆಂಕಟರತ್ನಳನ್ನು ಯಾರೂ ಹಾಗೆ ಕೇಳಿರಲಿಲ್ಲ.