ಕಣ್ಣಮ್ಮಾಳ್ ಕಾದ ಹೊಕ್ಕುಳು

ನನ್ನ ಅತ್ತೆ ಕಣ್ಣಮ್ಮಾಳ್‌ಗೆ ಕೈಕಟ್ಟಿ ಕೂರುವುದೆಂದರೆ ಜ್ವರ ಬಂದ ಹಾಗೆ. ಸೊಪ್ಪು ಸೋಸುತ್ತಾರೆ, ಅದು ಮುಗಿದರೆ ನಾನು ಸೋಸಿಟ್ಟ ಸೊಪ್ಪನ್ನೇ ಮತ್ತೆ ಸೋಸುತ್ತಾರೆ. ಇಷ್ಟು ವರ್ಷ ಸೊಸೆಯಾಗಿ ಇದನ್ನೆಲ್ಲ ನುಂಗಿಕೊಂಡು ಬಂದವಳು ನಾನು, ಸುಬ್ಬುಲಕ್ಷ್ಮಿ. ಅವರ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನನಗಲ್ಲದೆ ಇನ್ಯಾರಿಗಿದೆ?

ತಮಿಳುನಾಡಿನ ತೇವಾರಂ ಊರಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸಿಗೆ ನೀರು ಹಾಕಲು ಅತ್ತೆಗೇ ಕರೆ ಬರುತ್ತಿತ್ತು. ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಹುಯ್ದರೆ ಅದರ ಅಳು ಬೀದಿಯ ಕೊನೆಯವರೆಗೂ ಕೇಳಬೇಕು. ಕೇಳದಿದ್ದರೆ ನೀರು ಹಾಕಿದ್ದು ಸರಿಯಾಗಿಲ್ಲ ಎಂದು ಅವರ ಲೆಕ್ಕ. ಆಮೇಲೆ ದೀಪದಲ್ಲಿ ಸುಟ್ಟ ಬಜೆಯನ್ನು ಹರಳೆಣ್ಣೆಯಲ್ಲಿ ತೇದು ಹೊಕ್ಕುಳಿಗೆ ಹಚ್ಚುವುದು. ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರು ಕೂಡ ಅತ್ತೆಯ ಎದುರು ಜಂಬ ಕೊಚ್ಚುವುದಿಲ್ಲ. ಅವರ ಜಾತಕವೆಲ್ಲ ಅತ್ತೆಯ ಕಾಲ ಮೇಲೇ ತೊಳೆದುಹೋಗಿದೆ.

ಈ ವರ್ಷ ನನ್ನ ಮಗಳು ಅಭಿರಾಮಿ ತೇನಿಯ ಆಸ್ಪತ್ರೆಯಲ್ಲಿ ಹೆಣ್ಣು ಹೆತ್ತಳು. ಅತ್ತೆಗೆ ಮೊದಲ ಮರಿಮಗಳು. ಮನೆಗೆ ಕಳಿಸುವಾಗ ನರ್ಸ್ ಕೂಸಿನ ಹೊಕ್ಕುಳಬಳ್ಳಿಯ ತುಂಡನ್ನು ತೋರಿಸಿ, ಇದಕ್ಕೆ ಎಣ್ಣೆ, ಬೂದಿ, ಬಜೆ ಏನೂ ಬೇಡ, ಗಾಳಿಯಾಡಿ ತಾನೇ ಒಣಗಲಿ ಎಂದರು. ಲಂಗೋಟಿ ಬಟ್ಟೆಯನ್ನು ಅದರ ಕೆಳಕ್ಕೆ ಮಡಚಿ ಕಟ್ಟಬೇಕು, ತುಂಡನ್ನು ಎಳೆಯಬಾರದು, ಅದು ಬಿದ್ದು ಜಾಗ ಒಣಗುವ ತನಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಸುತ್ತ ಕೆಂಪಾದರೆ, ಕೀವು ಬಂದರೆ, ವಾಸನೆ ಹೊಡೆದರೆ, ಕೂಸಿಗೆ ಜ್ವರ ಬಂದರೆ ತಕ್ಷಣ ಕರೆತನ್ನಿ ಎಂದೂ ಹೇಳಿದರು. ಅತ್ತೆ ಎಲ್ಲ ಕೇಳಿಸಿಕೊಂಡರು.

ಮನೆಗೆ ಬಂದರೆ ತಾಮ್ರದ ಹಂಡೆ ಫಳಫಳ ಹೊಳೆಯುತ್ತಿದೆ. ಹೆರಿಗೆಗೆ ಮುಂಚೆಯೇ ಅತ್ತೆ ಹುಣಸೆಹಣ್ಣು ಹಾಕಿ ಉಜ್ಜಿಟ್ಟಿದ್ದರು. ಈಗಲೇ ನೀರು ಹಾಕುವ ಹಾಗಿಲ್ಲ ಎಂದು ಅಭಿರಾಮಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಅತ್ತೆ ಹಿತ್ತಲಿಗೆ ಬಂದು ನನ್ನ ಪಕ್ಕ ಕೂತರು.

“ಊರ್ ಕೂಸ್ಗೆಲ್ಲ ನೀರ್ ಹಾಕ್ದೆ ಸುಬ್ಬು. ನನ್ ಮನೆ ಕೂಸ್ಗ ನಾನು ಬ್ಯಾಡ್ವಾದ್ನಾ?”

ಅವರ ಕಣ್ಣಲ್ಲಿ ನೀರು ನೋಡಿದ್ದು ಅಪರೂಪ. ಒಳಗೆ ಹೋಗಿ ಮಗಳಿಗೆ ಹೇಳಿದೆ. ಅವಳು ನನ್ನ ಮಗಳಲ್ಲವೇ, ಉಪಾಯಕ್ಕೇನು ಬರ. ಅಜ್ಜಿಯನ್ನು ಕರೆದು, ತುಂಡು ಬಿದ್ದು ಜಾಗ ಒಣಗಿದ ಮೇಲೆ ನೀನೇ ನೀರು ಹಾಕಬೇಕು, ಅಲ್ಲಿಯವರೆಗೆ ಈ ಹೊಕ್ಕುಳನ್ನು ಯಾರೂ ಮುಟ್ಟದಂತೆ ಕಾಯುವ ಕೆಲಸವೂ ನಿನ್ನದೇ ಎಂದಳು.

ಕೆಲಸ ಕೊಟ್ಟಿದ್ದೇ ತಡ, ಹಿಂದೆ ಜೋಳದ ಹೊಲಕ್ಕೆ ಗಿಳಿ ಬಾರದಂತೆ ಕಾಯುತ್ತಿದ್ದ ಹಾಗೆಯೇ ಅತ್ತೆ ತೊಟ್ಟಿಲ ಪಕ್ಕ ಠಿಕಾಣಿ ಹೂಡಿದರು. ಕೈ ತೊಳೆಯದೆ ಬಂದ ನನ್ನ ಗಂಡ ಗುರುಸಾಮಿಯನ್ನು, ಸ್ವಂತ ಮಗನೆಂದೂ ನೋಡದೆ, ಬಾಗಿಲಿಂದಲೇ ಅಟ್ಟಿದರು. ಬಟ್ಟೆ ಚೂರು ಮೇಲೆ ಸರಿದರೆ ನನಗೆ ಬೈಗುಳ. ನರ್ಸ್ ಎಷ್ಟೋ ವಾಸಿ ಎನಿಸಿತು.

ಒಂದು ದಿನ ಅವರ ಗೆಳತಿ ಓಚ್ಚಮ್ಮಾಳ್ ವೀಳ್ಯದೆಲೆಯಲ್ಲಿ ಬಜೆ ತೇದುಕೊಂಡು ಬಂದರು. ಕೂಸು ನೋಡಲು ಬರುವವರು ಬರಿಗೈಲಿ ಬರಬಾರದೆಂದು ಈ ಪದ್ಧತಿಯನ್ನು ಬೀದಿಗೆ ಕಲಿಸಿದವರೇ ಅತ್ತೆ. ಅತ್ತೆ ಎಲೆಯನ್ನು ಕೈಗೆ ತೆಗೆದುಕೊಂಡು ಕೂಸಿನ ಹೊಟ್ಟೆಯತ್ತ ಬಾಗಿದರು. ಆದರೆ ಬೆರಳಲ್ಲಿ ಬಜೆ ತೆಗೆದು ಕೂಸಿನ ಅಂಗಾಲಿಗೆ ಒಂದು ದೃಷ್ಟಿಬೊಟ್ಟು ಇಟ್ಟು, ಎಲೆ ಮಡಚಿ ಪಕ್ಕಕ್ಕಿಟ್ಟರು. ಹೊಕ್ಕುಳಿಗೆ ಹಚ್ಚುವುದಿಲ್ಲ ಎಂದಾಗ ಓಚ್ಚಮ್ಮಾಳ್ ಮುಖ ಗಂಟಿಕ್ಕಿಕೊಂಡರು.

“ನನ್ ಮಕ್ಳಿಗೆಲ್ಲ ನೀನೇ ತಾನೆ ಹಚ್ಚಿದ್ದು?”

“ಹಚ್ದೆ. ಅವು ಗಟ್ಟಿ ಪಿಂಡ, ತಡ್ಕೊಂಡ್ವು. ಇದ್ಕ ಬ್ಯಾಡ, ಸುಮ್ಮ ಒಣಗ್ಲಿ ಬುಡು.”

ಒಳಗೆ ಅಭಿರಾಮಿ ದಿಂಬಿಗೆ ಬಾಯಿ ಒತ್ತಿ ನಗುತ್ತಿದ್ದಳು. ಓಚ್ಚಮ್ಮಾಳ್ ಕಾಫಿ ಕುಡಿದು, ತನ್ನ ಮಕ್ಕಳು ಗಟ್ಟಿ ಪಿಂಡವೆಂಬ ಖುಷಿಯಲ್ಲೇ ಮನೆಗೆ ಹೋದರು.

ನಿಜವಾದ ಪರೀಕ್ಷೆ ಬಂದದ್ದು ತುಂಡು ಕಪ್ಪಗೆ ಒಣಗಿ, ಒಂದೇ ಎಳೆಯಲ್ಲಿ ಜೋತಾಡತೊಡಗಿದಾಗ. ಮಧ್ಯಾಹ್ನ ಅಭಿರಾಮಿ ಮಲಗಿದ್ದಳು. ಬಟ್ಟೆ ಒಣಹಾಕಿ ಬಂದವಳು ಬಾಗಿಲಲ್ಲೇ ನಿಂತೆ. ಅತ್ತೆಯ ಕೈ ಕೂಸಿನ ಹೊಟ್ಟೆಯ ಮೇಲೆ ಹೋಗಿ ನಿಂತಿತ್ತು. ಹೀಗೆ ಚಿವುಟಿದರೆ ಬಂದುಬಿಡುತ್ತಿತ್ತು, ನಾಳೆಯೇ ನೀರು ಹಾಕಬಹುದಿತ್ತು. ಕೊನೆಗೆ ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿ, ಅವುಗಳ ಮೇಲೇ ಕೂತುಬಿಟ್ಟರು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. ಸದ್ದಾಗದಂತೆ ಹಿತ್ತಲಿಗೆ ಹಿಂತಿರುಗಿದೆ.

ಮರುದಿನ ನೋಡಿದರೆ ತುಂಡು ಬಿದ್ದಿದೆ, ಆದರೆ ಎಲ್ಲಿ ಬಿದ್ದಿದೆಯೋ ಗೊತ್ತಿಲ್ಲ. ಅದನ್ನು ಬೆಳ್ಳಿ ತಾಯತದಲ್ಲಿಟ್ಟು ಕೂಸಿನ ಉಡಿದಾರಕ್ಕೆ ಕಟ್ಟುವುದು ನಮ್ಮ ಕಡೆಯ ಪದ್ಧತಿ. ತಾಯತ ಆಗಲೇ ಮಾಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು ಅತ್ತೆ. ಹಾಸಿಗೆ, ತೊಟ್ಟಿಲು, ಬಟ್ಟೆಗಳನ್ನೆಲ್ಲ ಕೊಡವಿದೆವು. ನನ್ನ ಗಂಡ ಮಂಚದ ಕೆಳಗೆ ತೆವಳಿ ತಲೆಗೆ ಪೆಟ್ಟು ಮಾಡಿಕೊಂಡದ್ದೇ ಬಂತು. ಸಾಕಾಗಿ ಅತ್ತೆ ಎದ್ದು ಸೀರೆ ಕೊಡವಿದರೆ, ಅವರ ನೆರಿಗೆಯಿಂದಲೇ ಅದು ನೆಲಕ್ಕೆ ಉದುರಿತು. ಬೆಳಗಿನಿಂದ ಕೂಸು ಅವರ ಮಡಿಲಲ್ಲೇ ಇತ್ತಲ್ಲ!

ಆಮೇಲೂ ಅತ್ತೆ ಅವಸರಪಡಲಿಲ್ಲ. ಜಾಗ ಒಣಗಿತೆಂದು ಅನಿಸಿದ ಬೆಳಿಗ್ಗೆ ಹಂಡೆ ಕಾಯಿತು. ಮಣೆಯ ಮೇಲೆ ಕೂತು ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡರು. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದರು. ಚೊಂಬು ಎತ್ತಿದವರು ಹಾಗೆಯೇ ಕೈ ತಡೆದರು.

“ಅಭಿ, ಬಾ ನನ್ ಕಣ್ಣು. ಹೊಕ್ಳು ಒಣಗ್ಯದಾ, ನೀನೊಂದ್ ದಪ ನೋಡು.”

ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಕೇಳಿ ಮಾಡಿದವರಲ್ಲ ನನ್ನ ಅತ್ತೆ. ಅಭಿರಾಮಿ ಬಗ್ಗಿ ನೋಡಿದಳು, ಅಜ್ಜಿಯ ಮುಖವನ್ನೂ ನೋಡಿದಳು.

“ಹಾಕಜ್ಜಿ,” ಎಂದಳು.

ನೀರು ಬಿತ್ತು. ಕೂಸು ಕಿಟಾರನೆ ಕಿರುಚಿತು. ಸ್ವಲ್ಪ ಹೊತ್ತಿಗೆ ಬೀದಿಯ ಕೊನೆಯ ಮನೆಯಿಂದ ಓಚ್ಚಮ್ಮಾಳ್ ಕೂಗಿ ಕೇಳಿದರು, ಕಣ್ಣಮ್ಮಾಳ್ ನೀರು ಹಾಕಲು ಶುರುಮಾಡಿದಳಾ ಎಂದು.