ಕಪ್ಪಾದ ಮೀನಿಗೆ ಮದ್ದು ಕೊಡದವನು

ತಿರುವನಂತಪುರದ ಉಳ್ಳೂರಿನ ಮೀನಂಗಡಿಯವನ ಕೆಳತುಟಿ ಎಡಕ್ಕೆ ಸೊಟ್ಟಗಿತ್ತು. ಅದು ಹುಟ್ಟಿನಿಂದ ಬಂದದ್ದೋ, ಬಂದವರನ್ನೆಲ್ಲ ಅಸಡ್ಡೆಯಿಂದ ನೋಡಿ ನೋಡಿ ಹಾಗೆಯೇ ನಿಂತದ್ದೋ ಗೊತ್ತಿಲ್ಲ. ಅವನದು ತಿನ್ನುವ ಮೀನಿನ ಅಂಗಡಿಯಲ್ಲ, ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಮೀನಿನದು. ನಾನು ಕುಂಬಳೆಯ ಕಡಲ ಬದಿಯಲ್ಲಿ ಆಯುಷ್ಯವಿಡೀ ಮೀನು ಒಣಗಿಸಿದವಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟರೂ ಮೀನಿನ ವಿಷಯದಲ್ಲಿ ಯಾರ ಪಾಠವೂ ನನಗೆ ಬೇಕಿರಲಿಲ್ಲ. ಸಾರಿಗೆ ಬಾರದ ಮೀನಿಗೆ ಉಪ್ಪುನೀರು ಕಲಸಿ, ದೀಪ ಹಾಕಿ ಸಾಕುವುದನ್ನು ತಿರುವನಂತಪುರದ ಮಗಳ ಮನೆಯಲ್ಲಿ ಮೊದಲು ಕಂಡಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ.

ಆ ಅಂಗಡಿಯವನು ಕಾಸರಗೋಡಿನವನು, ಮೊಮ್ಮಗಳ ಮೀನಿಗೆ ತಿನಿಸು ತರಲು ಹೋದರೆ ನನ್ನನ್ನು ಕನ್ನಡದಲ್ಲೇ ಬೈಯುತ್ತಿದ್ದ. ಒಮ್ಮೆ ದೊಡ್ಡ ಕಾರಿನಲ್ಲಿ ಬಂದ ಹೆಂಗಸೊಬ್ಬಳು ಕಿಟಕಿಯ ಪರದೆಗೆ ಹೊಂದುವ ಬಣ್ಣದ ಮೀನು ಕೇಳಿದಳು. "ಪರದೆ ಒಗೆದರೆ ಬಣ್ಣ ಹೋಗುತ್ತದೆ, ಆಗ ಮೀನನ್ನೂ ಒಗೆಯುತ್ತೀರಾ?" ಎಂದು ಮಲಯಾಳದಲ್ಲಿ ಕೇಳಿ ಅವಳನ್ನು ಬರಿಗೈಯಲ್ಲಿ ಕಳಿಸಿದ. ಇಂಥವನು ವ್ಯಾಪಾರ ಹೇಗೆ ಮಾಡುತ್ತಾನೋ ಎಂದುಕೊಂಡೆ.

ಅದೇ ವರ್ಷ ಮೊಮ್ಮಗಳ ಕ್ಲೌನ್ ಮೀನು ಕಪ್ಪಾಗತೊಡಗಿತು. ಹಣ್ಣು ಕಿತ್ತಳೆಯ ಬಣ್ಣದ್ದು, ಗಲ್ಲದಲ್ಲಿ, ಹೊಟ್ಟೆಯಲ್ಲಿ ಮಸಿ ಬಳಿದಂತಾಯಿತು. ನಮ್ಮ ಅಳಿಯ ತುಂಬ ಎಂಬ ಊರಿನಲ್ಲಿ ರಾಕೆಟ್ಟಿನ ಕೆಲಸದವನು. ಆಕಾಶಕ್ಕೆ ಹಾರಿಸುವವನಿಗೆ ಅಂಗೈಯಗಲದ ತೊಟ್ಟಿ ಯಾವ ಲೆಕ್ಕ? ಫೋನು ನೋಡಿ, ರೋಗವೆಂದು ತೀರ್ಮಾನಿಸಿ, ಒಂದು ನೀಲಿ ಮದ್ದಿನ ಬಾಟ್ಲಿ ತರಿಸಿ, "ನಾಳೆ ಹುಯ್ಯುತ್ತೇನೆ" ಎಂದ. ಮೊಮ್ಮಗಳು ನನ್ನ ಸೆರಗು ಹಿಡಿದು, "ಅಜ್ಜೀ, ಅದ್ ಚಾವುಮೋ?" ಎಂದಳು. ಸಾಯುತ್ತದಾ ಎಂದು ಕೇಳುವ ಆ ಮುಖ ನೋಡಿ ನನ್ನ ನಗೆಯೆಲ್ಲ ಇಂಗಿಹೋಯಿತು. ಬಾಟ್ಲಿಯನ್ನೂ ಮೀನಿನ ಫೋಟೋವನ್ನೂ ಹಿಡಿದು ಆಟೋ ಹತ್ತಿದೆ.

ಅಂಗಡಿಯವನು ಫೋಟೋ ನೋಡಿದ. ತುಟಿ ಇನ್ನಷ್ಟು ಸೊಟ್ಟಗಾಯಿತು.

"ಹೊಸತಾಗಿ ಎಂತ ಹಾಕಿದ್ದು ತೊಟ್ಟಿಗೆ?"

"ಕಲ್ಲಿಗೆ ಅಂಟಿಕೊಂಡು ಬೆರಳು ಆಡಿಸ್ತದಲ್ಲ, ಆ ಕಡಲ ಹೂವು. ಇದು ಹೊತ್ತಿಡೀ ಅದಕ್ಕೇ ಮೈ ಉಜ್ಜುತ್ತದೆ."

"ಆ ಹೂವು ಚುಚ್ಚುತ್ತದೆ ಅಮ್ಮಾ. ಅಭ್ಯಾಸ ಆಗುವವರೆಗೆ ಮೀನಿನ ಚರ್ಮ ಕಪ್ಪಾಗ್ತದೆ. ನೀವು ಬಿಸಿಲಲ್ಲಿ ಮೀನು ಒಣಗಿಸಿ ಕಪ್ಪಾದ್ದಲ್ವಾ? ನಿಮಗೆ ಯಾರಾದ್ರೂ ಮದ್ದು ಹುಯ್ದರಾ?"

ನನಗೆ ಮೈಯೆಲ್ಲ ಉರಿಯಿತು. ಅವನು ಬಾಟ್ಲಿಯ ಮೇಲಿನ ಚೀಟಿ ಓದಿದ. "ಇದರಲ್ಲಿ ತಾಮ್ರ ಉಂಟು. ಮೊದಲು ಹೂವು ಸಾಯ್ತದೆ, ಅದು ಕೊಳೆತು ಮೀನು ಸಾಯ್ತದೆ. ಮೀನು ತಿಂತದಾ?"

"ತಿಂತದೆ."

"ಈಜ್ತದಾ?"

"ಈಜ್ತದೆ."

"ಹಾಗಾದ್ರೆ ಬಾಟ್ಲಿ ಬದಿಗಿಡಿ. ಹೋಗಿ."

ಬಾಟ್ಲಿಯನ್ನು ನನ್ನ ಸೀರೆಗಳ ಅಡಿಯಲ್ಲಿಟ್ಟೆ. ಅಳಿಯ ಮೂರು ದಿನ ಮಾತು ಬಿಟ್ಟ, ಬಿಡಲಿ. ಕೆಲವು ವಾರಗಳಲ್ಲಿ ಕಪ್ಪು ತೆಳುವಾಗಿ, ಕಿತ್ತಳೆ ಮರಳಿ ಬಂತು. ಮೊಮ್ಮಗಳು ತೊಟ್ಟಿಯ ಸುತ್ತ ಕುಣಿದಳು, ಮಂಡಿನೋವಿನ ನಾನೂ ಕುಣಿದೆ. ಮರುದಿನವೇ ಅಂಗಡಿಯವನಿಗೆ ಹೇಳಲು ಓಡಿದೆ. "ಇದನ್ನು ಹೇಳ್ಲಿಕ್ಕೆ ಆಟೋಕ್ಕೆ ದುಡ್ಡು ಹಾಕಿದ್ರಾ?" ಎಂದು ತೊಟ್ಟಿಗಳ ಕಡೆ ತಿರುಗಿಕೊಂಡ.

ಹೋದ ಮಳೆಗಾಲದಲ್ಲಿ ಅವನು ತೀರಿಕೊಂಡ. ಅಂಗಡಿಯಲ್ಲೀಗ ಫೋನಿನ ಕವರು ಮಾರುತ್ತಾರೆ.

ಈ ವರ್ಷ ನನಗೆ ಮೊಮ್ಮಗ ಹುಟ್ಟಿದ್ದಾನೆ. ನೇರಳೆ ಹಣ್ಣಿನ ಬಣ್ಣ, ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸಾಗದು. ಅಳಿಯನ ಅಕ್ಕ ನೋಡಲು ಬಂದವಳು, "ಅಯ್ಯೋ, ಇಷ್ಟು ಕಪ್ಪಾ" ಎಂದು ಚೀಲದಿಂದ ಮೈ ಬೆಳ್ಳಗಾಗಿಸುವ ಕೇಸರಿ ಎಣ್ಣೆಯ ಬಾಟ್ಲಿ ತೆಗೆದಳು. ನನ್ನ ತುಟಿ ತಾನಾಗಿಯೇ ಎಡಕ್ಕೆ ಸೊಟ್ಟಗಾಯಿತು.

"ಹಾಲು ಕುಡಿತದಾ?"

"ಕುಡಿತದೆ," ಎಂದಳು ಮಗಳು, ನಗು ತಡೆಯುತ್ತ.

"ಕೂಗ್ತದಾ?"

"ರಾತ್ರಿಯಿಡೀ."

"ಹಾಗಾದ್ರೆ ಬಾಟ್ಲಿ ಬದಿಗಿಡಿ," ಎಂದೆ.