ಬರೀ ಹೊಟ್ಟೆಯ ಕಷಾಯ

ಹೇರೂರಿನ ನಮ್ಮ ನೆರೆಮನೆಯ ವಿನೋದಕ್ಕ ತೊಡದೇವು ಎಂಬ ತೆಳು ಸಿಹಿತಿಂಡಿ ಮಾಡುವುದರಲ್ಲಿ ಎತ್ತಿದ ಕೈ. ಬೋರಲು ಹಾಕಿದ ಕಾದ ಮಡಕೆಯ ಮೇಲೆ, ಕೋಲಿಗೆ ಸುತ್ತಿದ ಬಟ್ಟೆಯಿಂದ ಕಬ್ಬಿನಹಾಲಿನ ಹಿಟ್ಟನ್ನು ಎಳೆದು, ಹಾಳೆಯಂತೆ ಎದ್ದದ್ದನ್ನು ಬಿಸಿಯಿರುವಾಗಲೇ ಮಡಚಬೇಕು. ತಡವಾದರೆ ಪುಡಿ. ಮದುವೆ ಮನೆಯವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಎರಡು ಸಾವಿರದ ಮೂರರಲ್ಲಿ ಆ ಬೆರಳುಗಳೇ ಸೆಟೆದುಕೊಂಡವು. ಗಂಟುಗಂಟಿಗೂ ನೋವು, ಮುಖವೂ ಊದಿಕೊಂಡಂತೆ. ಬೆಂಕಿಯ ಮುಂದಿನಿಂದೆದ್ದು ತಣ್ಣೀರಿಗೆ ಕೈ ಹಾಕಿದ್ದೇ ಕಾರಣವೆಂದು ಮನೆಯವರು ಎಣ್ಣೆ ತಿಕ್ಕಿದರು. ಅವಳ ಗಂಡ ಅನಂತಮೂರ್ತಿ ಭಾವ, “ತೊಡದೇವು ಮಾಡಿದ್ದು ಸಾಕು” ಎಂದುಬಿಟ್ಟರು.

“ಅದೂ ಇಲ್ಲೆ ಅಂದ್ರೆ ಆನು ಎಂತ ಮಾಡದು, ಕೂಸೇ?” ಎಂದು ನನ್ನ ಬಳಿ ಬಂದು ಕೂತಳು.

ನನ್ನ ಮಗಳು ಅಭಿಜ್ಞಾಳಿಗೆ ಚುಚ್ಚುಮದ್ದು ಹಾಕಿಸಲು ಶಿರಸಿಗೆ ಹೋಗುವವಳಿದ್ದೆ. ವಿನೋದಕ್ಕನನ್ನೂ ಕರೆದುಕೊಂಡು ಹೋದೆ. ಡಾಕ್ಟರು ಕೈ ನೋಡಿದ ಮೇಲೆ ಕುತ್ತಿಗೆ ಮುಟ್ಟಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಗಂಟಲಿನ ಥೈರಾಯ್ಡ್ ಗ್ರಂಥಿ ಮಂದವಾಗಿದೆ, ಕೀಲು ಹಿಡಿದುಕೊಳ್ಳುವುದಕ್ಕೂ ಅದೇ ಮೂಲ, ಬೆಳಿಗ್ಗೆ ಬರೀ ಹೊಟ್ಟೆಗೆ ಮಾತ್ರೆ ನುಂಗಿ ಎಂದರು.

ತಿಂಗಳುಗಳು ಕಳೆದರೂ ಬೆರಳು ಬಗ್ಗಲಿಲ್ಲ. ಮತ್ತೆ ಪರೀಕ್ಷೆ ಮಾಡಿಸಿದರೆ ರಕ್ತದಲ್ಲೂ ಸುಧಾರಣೆಯಿಲ್ಲ.

“ಮಾತ್ರೆ ತಪ್ಪಿಸ್ತೀರಾ?” ಡಾಕ್ಟರು ಕೇಳಿದರು.

“ಒಂದಿನಾನೂ ಇಲ್ಲೆ. ಬರೀ ಹೊಟ್ಟೆಗೇ ತಗಳ್ತೆ.”

“ನೀರಲ್ಲಾ?”

“ಕಷಾಯದಲ್ಲಿ.”

“ಹಾಲು ಹಾಕಿದ್ದಾ?”

“ಹಾಲು ಹಾಕ್ದೇ ಹೋದ್ರೆ ಅದೆಂತಾ ಕಷಾಯ?”

ಡಾಕ್ಟರು ಪೆನ್ನು ಕೆಳಗಿಟ್ಟರು. ನಮ್ಮ ಕಡೆ ಬರೀ ಹೊಟ್ಟೆ ಎಂದರೆ ದೋಸೆಗೆ ಮುಂಚೆ, ಅಷ್ಟೇ. ಎದ್ದ ಕೂಡಲೇ ಚಹಾದಂತೆ ಕುಡಿಯುವ ಕೊತ್ತಂಬರಿ-ಜೀರಿಗೆಯ ಕಷಾಯವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಮಾತ್ರೆ ನನಗೆ ಕೊಟ್ಟಿದ್ದರೂ ಹಾಗೆಯೇ ನುಂಗುತ್ತಿದ್ದೆ.

“ಹಾಲು ಆ ಮಾತ್ರೆಯನ್ನ ಮೈಗೆ ಹತ್ತೋಕೆ ಬಿಡಲ್ಲಮ್ಮಾ. ನೀರಲ್ಲಿ ನುಂಗಿ, ಒಂದು ತಾಸು ಬಿಟ್ಟು ಕಷಾಯ ಕುಡೀರಿ.”

ಬಸ್ಸಿನಲ್ಲಿ ಅವಳು ಯೋಚಿಸಿ, “ಹೂ ಕೊಯ್ದು, ದೇವರ ಪಾತ್ರೆ ತೊಳೆಯದ್ರೊಳಗೆ ತಾಸು ಆಗೋಗ್ತು” ಎಂದಳು. ಮತ್ತೆ ತಗ್ಗಿದ ದನಿಯಲ್ಲಿ, “ನಿನ್ನ ಭಾವಂಗೆ ಹೇಳಡ, ತಮಾಷೆ ಮಾಡ್ತ.”

ಬಾವು ಮೆಲ್ಲಗೆ ಇಳಿಯಿತು. ಮೊದಲು ಬಳೆ ಸಡಿಲವಾಯಿತು, ಆಮೇಲೆ ಅಭಿಜ್ಞಾಳ ಜಡೆ ಹೆಣೆದುಕೊಟ್ಟಳು. ಬಲಗೈ ಹೆಬ್ಬೆರಳು ಮಾತ್ರ ಬೆಳಗಿನ ಹೊತ್ತು ಇನ್ನೂ ಬಿಗಿ. ಮಾತ್ರೆಯನ್ನು ಬಿಡುವಂತಿಲ್ಲ ಎಂಬುದನ್ನು ಅವಳು ಒಪ್ಪಿಕೊಂಡಿದ್ದಾಳೆ.

ಕಬ್ಬಿನ ಗಾಣ ಶುರುವಾದಾಗ ಒಲೆಯ ಮೇಲೆ ಮತ್ತೆ ಮಡಕೆ ಬೋರಲಾಯಿತು. ಮೊದಲನೆಯ ಹಾಳೆ ಹರಿಯಿತು, ಎರಡನೆಯದು ಸುಟ್ಟುಹೋಯಿತು. ಮೂರನೆಯದನ್ನು ಅವಳು ಅಂಚು ಹಿಡಿದು ಎಬ್ಬಿಸಿ, ತುಪ್ಪ ಸವರಿ, ಚಕಚಕನೆ ಮಡಚಿಟ್ಟಳು. ನನ್ನದೂ ಒಂದು ಇರಲೆಂದು ಹಿಟ್ಟು ಎಳೆದೆ.

“ಇದು ದೋಸೆ ಆತು ಮಾರಾಯ್ತಿ” ಎಂದಳು.

ಅನಂತಮೂರ್ತಿ ಭಾವ ಬಾಗಿಲಲ್ಲಿ ನಿಂತು ತಿನ್ನುತ್ತಿದ್ದರು.

“ಸಾಕು ಹೇಳಿದವ್ವು ಯಾರು?” ಎಂದು ಅವಳು ಕೇಳಿದಳು.

“ಇನ್ನೊಂದು ಹಾಕು” ಎಂದರು.